ಮೂವತ್ತೇಳಕ್ಕೆ ಸೌಟು ಹಿಡಿದ ಜೂಲಿಯಾ

ಮದುವೆಯಾದ ಹೊಸದರಲ್ಲಿ ನೀವು ಮಾಡಿದ ಮೊದಲ ಅಡುಗೆ ನೆನಪಿದೆಯಾ? ಅನ್ನ ಮುದ್ದೆಯಾಗಿತ್ತಾ, ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದಿತ್ತಾ, ಚಪಾತಿ ಭೂಪಟ ಆಗಿತ್ತಾ? ಮನೆಯವರು ಮಾತಾಡದೆ ಉಂಡು ಎದ್ದಿದ್ದು, ನೀವು ಅಡುಗೆಮನೆ ಬಾಗಿಲ ಹಿಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದು... ಇಂಥದ್ದೊಂದು ಕಥೆ ಇಲ್ಲದ ಮನೆ ಯಾವುದಿದೆ ಹೇಳಿ!

ಇವತ್ತು ನಾನು ಹೇಳಹೊರಟಿರೋ ಹೆಂಗಸಿನ ಕಥೆಯೂ ಹಾಗೇ ಶುರುವಾಗುತ್ತೆ. ಮೆಚ್ಚಿಸಲೇಬೇಕು ಅಂತ ಹಟ ಹಿಡಿದು ಆಕೆ ತನ್ನವನಿಗೆ ಮಾಡಿ ಬಡಿಸಿದ ಮೊದಲ ಅಡುಗೆ, ಕೆಂಪು ವೈನಿನಲ್ಲಿ ಬೇಯಿಸಿದ ಮಿದುಳು. (ಸಸ್ಯಾಹಾರಿ ಓದುಗರು ಕ್ಷಮಿಸಿ, ಕಥೆ ನಡೆದದ್ದು ಅಮೆರಿಕದಲ್ಲಿ.) ನೋಡೋಕೂ ಚೆನ್ನಾಗಿರಲಿಲ್ಲ, ಬಾಯಿಗೂ ಹಿಡಿಸಲಿಲ್ಲ. ಆಕೆ ಮದುವೆಯಾಗಿದ್ದು 34ನೇ ವಯಸ್ಸಿನಲ್ಲಿ, 1946ರಲ್ಲಿ. ಅಲ್ಲಿಂದ ಹದಿನೈದೇ ವರ್ಷಕ್ಕೆ ಅಮೆರಿಕದ ಗೃಹಿಣಿಯರಿಗೆ ಫ್ರಾನ್ಸಿನ ಅಡುಗೆ ಹೇಳಿಕೊಡೋ ಪುಸ್ತಕ ಬರೆದಳು. ಮತ್ತೆರಡು ವರ್ಷಕ್ಕೆ ಟಿ.ವಿ.ಯಲ್ಲಿ ಬಂದು ಮನೆಮನೆಯ ಮೇಡಂ ಆದಳು. ಹೆಸರು ಜೂಲಿಯಾ ಚೈಲ್ಡ್.

ಈ ಪುಟಕ್ಕೆ ಬರೋ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತೆ. ಇಷ್ಟು ವಯಸ್ಸಾಯ್ತು, ಇನ್ನೇನು ಕಲಿಯೋದು ಮೇಡಂ, ತಪ್ಪಾದ್ರೆ ಎಲ್ಲರೂ ನಗಲ್ವಾ ಅಂತ. ಅದಕ್ಕೇ ಈಕೆಯ ಕಥೆ ಆರಿಸಿಕೊಂಡೆ. ಈಕೆ ತಪ್ಪು ಮಾಡಿದ್ದು ಗಂಡನೊಬ್ಬನ ಎದುರಲ್ಲ, ಇಡೀ ದೇಶದ ಎದುರು.

ಅಡುಗೆಯವಳಿದ್ದ ಮನೆಯ ಹುಡುಗಿ

ಜೂಲಿಯಾ ಹುಟ್ಟಿದ್ದು 1912ರ ಆಗಸ್ಟ್ 15ರಂದು, ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ. ತವರಿನ ಹೆಸರು ಮೆಕ್‌ವಿಲಿಯಮ್ಸ್. ಅನುಕೂಲಸ್ಥ ಕುಟುಂಬ, ಮೂವರು ಮಕ್ಕಳಲ್ಲಿ ಈಕೆಯೇ ದೊಡ್ಡವಳು. ಮನೆಯಲ್ಲಿ ಅಡುಗೆಯವಳಿದ್ದಳು, ಹಾಗಾಗಿ ಒಲೆ ಹತ್ತಿರ ಹೋಗೋ ಅಗತ್ಯವೇ ಬರಲಿಲ್ಲ. ಎತ್ತರ 6 ಅಡಿ 2 ಇಂಚು! ಆ ಕಾಲದಲ್ಲಿ ಅಷ್ಟೆತ್ತರದ ಹುಡುಗಿಗೆ ಗಂಡು ಹುಡುಕೋದು ಅಮೆರಿಕದಲ್ಲೂ ಸುಲಭ ಇರಲಿಲ್ಲ ಅನ್ನಿ. ಸ್ಮಿತ್ ಕಾಲೇಜಿನಲ್ಲಿ ಇತಿಹಾಸ ಓದಿ 1934ರಲ್ಲಿ ಪದವಿ ಪಡೆದಳು. ನ್ಯೂಯಾರ್ಕಿನ ಪೀಠೋಪಕರಣ ಮಳಿಗೆಯೊಂದರಲ್ಲಿ ಜಾಹೀರಾತು ಬರೆಯೋ ಕೆಲಸಕ್ಕೆ ಸೇರಿದಳು. 1937ರಲ್ಲಿ ತಾಯಿ ತೀರಿಕೊಂಡರು, ಊರಿಗೆ ವಾಪಸ್ ಬಂದಳು. ಹೀಗೇ ಮೂವತ್ತು ತುಂಬಿತು. ಗುರಿ ಅಂತ ಒಂದೂ ಇರಲಿಲ್ಲ.

ಎರಡನೇ ಮಹಾಯುದ್ಧ ಆಕೆಯನ್ನು ಮನೆಯಿಂದ ಹೊರಗೆ ಹಾಕಿತು. ಮಹಿಳಾ ಸೇನೆಗೆ ಸೇರೋಣ ಅಂದರೆ ಎತ್ತರ ಜಾಸ್ತಿಯಾಯ್ತು. ಗುಪ್ತಚರ ಸಂಸ್ಥೆಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಅಲ್ಲಿ ಒಂದಷ್ಟು ದಿನ ಕೆಲಸ ಮಾಡಿದ್ದು ಯಾವ ವಿಭಾಗದಲ್ಲಿ ಗೊತ್ತಾ? ಸಮುದ್ರಕ್ಕೆ ಬಿದ್ದವರ ಹತ್ತಿರ ಶಾರ್ಕ್ ಮೀನು ಸುಳಿಯದಂತೆ ಮಾಡೋ ಮದ್ದು ತಯಾರಿಸೋ ವಿಭಾಗದಲ್ಲಿ! ನಾನಾ ಸಾಮಾನು ಬೆರೆಸಿ ನೋಡಿ, ಬರೆದಿಟ್ಟುಕೊಂಡು, ಮತ್ತೆ ಬೆರೆಸೋ ಕೆಲಸ. ಆಕೆ ಕಂಡ ಮೊದಲ ಪಾಕಶಾಲೆ ಅದೇ ಅಂತ ತಮಾಷೆಗೆ ಹೇಳಬಹುದೇನೋ.

1944ರಲ್ಲಿ ಹಡಗು ಹತ್ತಿ ಬೊಂಬಾಯಿಗೆ ಬಂದಿಳಿದು, ಅಲ್ಲಿಂದ ಸಿಲೋನಿಗೆ, ಅಂದರೆ ಇವತ್ತಿನ ಶ್ರೀಲಂಕಾಗೆ ಹೋದಳು. ಕ್ಯಾಂಡಿಯಲ್ಲಿ ಗುಪ್ತ ಕಾಗದಪತ್ರಗಳ ವಿಭಾಗ ಆಕೆಯ ಕೈಗೆ ಬಂತು. ಅಲ್ಲೇ ಪಾಲ್ ಚೈಲ್ಡ್ ಸಿಕ್ಕಿದ್ದು. ಆಕೆಗಿಂತ ಹತ್ತು ವರ್ಷ ದೊಡ್ಡವನು, ಎತ್ತರದಲ್ಲಿ ಕಡಿಮೆ. ಚಿತ್ರ ಬರೆಯುವವನು, ಫೋಟೊ ತೆಗೆಯುವವನು, ಎಲ್ಲಕ್ಕಿಂತ ಹೆಚ್ಚಾಗಿ ಊಟದ ರುಚಿ ಗೊತ್ತಿದ್ದವನು. ಮುಂದೆ ಇಬ್ಬರಿಗೂ ಚೀನಾಕ್ಕೆ ವರ್ಗವಾಯ್ತು. ಸೇನೆಯ ಕ್ಯಾಂಟೀನಿನ ಸಪ್ಪೆ ಊಟ ಬಿಟ್ಟು ಊರಿನ ಹೋಟೆಲುಗಳನ್ನು ಹುಡುಕಿಕೊಂಡು ಹೋಗ್ತಾ ಹೋಗ್ತಾ ಪ್ರೀತಿ ಬೆಳೀತು. 1946ರ ಸೆಪ್ಟೆಂಬರ್ 1ರಂದು ಮದುವೆ. ಹಿಂದಿನ ದಿನ ಕಾರು ಅಪಘಾತವಾಗಿ ಮದುಮಗಳ ತಲೆಗೆ ಬ್ಯಾಂಡೇಜು, ಮದುಮಗನ ಕೈಯಲ್ಲಿ ಊರುಗೋಲು. ಹಾಗೇ ನಿಂತು ಫೋಟೊ ತೆಗೆಸಿಕೊಂಡರು.

ಒಂದು ಮೀನಿನ ಊಟ

1948ರಲ್ಲಿ ಪಾಲ್‌ಗೆ ಪ್ಯಾರಿಸ್ಸಿನ ಅಮೆರಿಕನ್ ವಾರ್ತಾ ಕಚೇರಿಗೆ ವರ್ಗವಾಯ್ತು. ನವೆಂಬರ್ 3ರಂದು ಹಡಗಿನಿಂದ ಇಳಿದು, ಕಾರಿನಲ್ಲಿ ಪ್ಯಾರಿಸ್ಸಿಗೆ ಹೋಗೋ ದಾರಿಯಲ್ಲಿ ರೂಆನ್ ಅನ್ನೋ ಊರಿನ ಹಳೇ ಹೋಟೆಲೊಂದಕ್ಕೆ ಊಟಕ್ಕೆ ಹೋದರು. ತಟ್ಟೆಗೆ ಬಂದಿದ್ದು ಸೋಲ್ ಮ್ಯೂನಿಯೇರ್. ಮೀನಿಗೆ ಒಂದಿಷ್ಟು ಹಿಟ್ಟು ಸವರಿ ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಮೇಲೆ ಪಾರ್ಸ್‌ಲಿ ಸೊಪ್ಪು ಉದುರಿಸಿರೋದು. ಅಷ್ಟೇ. ಮಸಾಲೆ ಇಲ್ಲ, ಅಲಂಕಾರ ಇಲ್ಲ. ಇಷ್ಟೇ ಸಾಮಾನಿನಲ್ಲಿ ಇಂಥ ರುಚಿ ಬರೋದು ಸಾಧ್ಯವಾ ಅಂತ ಜೂಲಿಯಾ ದಂಗಾದಳು. ಆ ಊಟವನ್ನು ಆಕೆ ಸಾಯೋತನಕ ಮರೆಯಲಿಲ್ಲ.

ಆಗ ಆಕೆಗೆ 36. ಫ್ರೆಂಚ್ ಭಾಷೆ ಸರಿಯಾಗಿ ಬರ್ತಿರಲಿಲ್ಲ. ಮಕ್ಕಳಾಗಿರಲಿಲ್ಲ, ಮುಂದೂ ಆಗಲಿಲ್ಲ. ಗಂಡ ಆಫೀಸಿಗೆ ಹೋದಮೇಲೆ ಉದ್ದದ ಹಗಲು. ಟೋಪಿ ಹೊಲಿಯೋ ತರಗತಿಗೆ ಹೋಗಿ ನೋಡಿದಳು, ಇಸ್ಪೀಟು ಆಡೋದು ಕಲಿತಳು. ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ವರ್ಗದ ಕೆಲಸ ಇರೋ ಗಂಡನ ಜೊತೆ ಊರೂರು ತಿರುಗಿದವರಿಗೆ ಈ ಹಗಲುಗಳ ಭಾರ ನಾನು ಬಿಡಿಸಿ ಹೇಳಬೇಕಾಗಿಲ್ಲ.

1949ರ ಅಕ್ಟೋಬರಿನಲ್ಲಿ, 37 ತುಂಬಿದ ಮೇಲೆ, ಪ್ಯಾರಿಸ್ಸಿನ ಹೆಸರಾಂತ ಅಡುಗೆ ಶಾಲೆ ಕಾರ್ಡಾನ್ ಬ್ಲೂಗೆ ಸೇರಿದಳು. ಗೃಹಿಣಿಯರ ತರಗತಿಗೆ ಹಾಕಿದರು. ಅದು ತೀರಾ ಬಾಲಬೋಧೆ ಅನ್ನಿಸ್ತು, ವೃತ್ತಿಯವರ ತರಗತಿ ಕೊಡಿ ಅಂತ ಕೇಳಿದಳು. ಆ ತರಗತಿಯಲ್ಲಿದ್ದವರು ಹನ್ನೊಂದು ಜನ ಮಾಜಿ ಸೈನಿಕರು, ಎಲ್ಲ ಗಂಡಸರೇ. ಬೆಳಗ್ಗೆ ಏಳೂವರೆಗೆಲ್ಲ ನೆಲಮಾಳಿಗೆಯ ಅಡುಗೆಮನೆಯಲ್ಲಿ ಪಾಠ. ಮಧ್ಯಾಹ್ನ ಮನೆಗೆ ಓಡಿ ಬಂದು ಬೆಳಗ್ಗೆ ಕಲಿತದ್ದನ್ನೇ ಗಂಡನಿಗೆ ಮಾಡಿ ಬಡಿಸಿ, ಮತ್ತೆ ಶಾಲೆಗೆ. ಗುರು ಮ್ಯಾಕ್ಸ್ ಬುನ್ಯಾರ್ ಅನ್ನೋ ವಯಸ್ಸಾದ ಬಾಣಸಿಗ. ಫ್ರೆಂಚ್ ಅಡುಗೆಗೆ ಶಾಸ್ತ್ರ ಬರೆದ ಎಸ್ಕಾಫಿಯೇ ಕೈಕೆಳಗೆ ಪಳಗಿದವರು. ಮೊಟ್ಟೆಯನ್ನು ಕಲಕಿ ಬೇಯಿಸೋದನ್ನೂ ಆತ ಸಣ್ಣ ಉರಿಯಲ್ಲಿ ನಿಧಾನವಾಗಿ, ಪೂಜೆಗೆ ಕೂತವರ ಹಾಗೆ ಕಲಿಸುತ್ತಿದ್ದರು.

ಇಷ್ಟೆಲ್ಲ ಮಾಡಿಯೂ ಪರೀಕ್ಷೆಯಲ್ಲಿ ಮೊದಲ ಸಲ ಜೂಲಿಯಾ ಫೇಲು! ದೊಡ್ಡ ದೊಡ್ಡ ಅಡುಗೆ ಕೇಳ್ತಾರೆ ಅಂತ ತಯಾರಾಗಿ ಹೋಗಿದ್ದಳು, ಅವರು ಕೇಳಿದ್ದು ಶಾಲೆಯ ಪುಟ್ಟ ಕೈಪಿಡಿಯಲ್ಲಿದ್ದ ಮೂರು ಸಾಮಾನ್ಯ ಅಡುಗೆ. ಅಳತೆಯೇ ನೆನಪಿಗೆ ಬರಲಿಲ್ಲ. ಸಿಟ್ಟಿನಲ್ಲೇ ಹೋಗಿ ಆ ಮೂರನ್ನೂ ಮಾಡಿ, ತಾನೇ ತಿಂದಳು. 1951ರಲ್ಲಿ ಎರಡನೇ ಸಲ ಕೂತು ಪಾಸಾದಳು.

ಅದೇ ಹೊತ್ತಿಗೆ ಇಬ್ಬರು ಗೆಳತಿಯರು ಜೊತೆಯಾದರು, ಸಿಮೋನ್ ಬೆಕ್ ಮತ್ತು ಲೂಯಿಸೆಟ್ ಬೆರ್ತೋಲ್. ಅಮೆರಿಕದವರಿಗೆ ಫ್ರೆಂಚ್ ಅಡುಗೆ ಹೇಳಿಕೊಡೋ ಪುಸ್ತಕವೊಂದನ್ನು ಇವರಿಬ್ಬರೂ ಆಗಲೇ ಬರೆಯುತ್ತಿದ್ದರು. ಅಮೆರಿಕದ ಅಡುಗೆಮನೆ ಬಲ್ಲವರೊಬ್ಬರು ಬೇಕಿತ್ತು. ಮೂವರೂ ಸೇರಿ 1952ರಲ್ಲಿ ಜೂಲಿಯಾ ಮನೆಯ ಅಡುಗೆಮನೆಯಲ್ಲೇ ಪುಟ್ಟ ಅಡುಗೆ ಶಾಲೆ ತೆರೆದರು, ಪುಸ್ತಕಕ್ಕೂ ಕೂತರು.

ಡಬ್ಬದ ಸೂಪಿನ ಕಾಲ

ಇಲ್ಲಿ ಸ್ವಲ್ಪ ನಿಂತು ಆಗಿನ ಅಮೆರಿಕದ ಅಡುಗೆಮನೆಯೊಳಗೆ ಇಣುಕಿ ನೋಡೋಣ. ಯುದ್ಧ ಮುಗಿದಿತ್ತು. ಡಬ್ಬ ತೆರೆದು ಬಿಸಿ ಮಾಡಿದರೆ ಸೂಪು, ಪೊಟ್ಟಣ ಕತ್ತರಿಸಿ ನೀರು ಸುರಿದರೆ ಕೇಕು. 1954ರಿಂದ ಸ್ವಾನ್ಸನ್ ಕಂಪನಿ ಅಲ್ಯೂಮಿನಿಯಂ ತಟ್ಟೆಯಲ್ಲಿ ಪೂರ್ತಿ ಊಟವನ್ನೇ ಹೆಪ್ಪುಗಟ್ಟಿಸಿ ಮಾರತೊಡಗಿತು. ಓವನ್ನಿನಲ್ಲಿಟ್ಟು ತೆಗೆದು ಟಿ.ವಿ. ಮುಂದೆ ಕೂತರಾಯ್ತು. ಅಡುಗೆ ಅಂದರೆ ಕಾಟ, ಬೇಗ ಮುಗಿಸಿದಷ್ಟೂ ಜಾಣೆ ಅಂತ ಜಾಹೀರಾತುಗಳು ಹೆಂಗಸರ ಕಿವಿಯಲ್ಲಿ ಹಗಲಿರುಳೂ ಊದುತ್ತಿದ್ದವು.

ಹಾಗಂತ ಫ್ರೆಂಚ್ ಅಡುಗೆ ಆ ದೇಶಕ್ಕೆ ಹೊಸದೇನಲ್ಲ. 1784ರಲ್ಲಿ ಥಾಮಸ್ ಜೆಫರ್ಸನ್ ಪ್ಯಾರಿಸ್ಸಿಗೆ ಹೋದಾಗ ಜೇಮ್ಸ್ ಹೆಮಿಂಗ್ಸ್ ಅನ್ನೋ ತನ್ನ ಗುಲಾಮ ಹುಡುಗನನ್ನು ಕರೆದುಕೊಂಡು ಹೋಗಿ ಅಡುಗೆ ಕಲಿಸಿದ್ದ. ನ್ಯೂಯಾರ್ಕಿನ ಡೆಲ್ಮೋನಿಕೋಸ್ ಹೋಟೆಲು 19ನೇ ಶತಮಾನದಲ್ಲೇ ಶ್ರೀಮಂತರಿಗೆ ಫ್ರೆಂಚ್ ಊಟ ಬಡಿಸ್ತಿತ್ತು. 1961ರಲ್ಲಿ ಕೆನಡಿ ದಂಪತಿ ಶ್ವೇತಭವನಕ್ಕೆ ರನೇ ವೆರ್ದೋನ್ ಅನ್ನೋ ಫ್ರೆಂಚ್ ಬಾಣಸಿಗನನ್ನೇ ನೇಮಿಸಿಕೊಂಡರು. ಆದರೆ ಗಮನಿಸಿ, ಇದೆಲ್ಲ ದೊಡ್ಡವರ ಮನೆ, ದೊಡ್ಡ ಹೋಟೆಲಿನ ಮಾತು. ಮೆನು ಓದೋಕೇ ಬಾರದ ಭಾಷೆ, ಬಡಿಸೋನ ಬಿಗುಮಾನ! ಗೃಹಿಣಿ ತನ್ನ ಕೈಯಾರೆ ಮಾಡಬಹುದಾದ ಅಡುಗೆ ಅದು ಅಂತ ಯಾರೂ ಆಕೆಗೆ ಹೇಳಿರಲಿಲ್ಲ.

ಜೂಲಿಯಾ ಹಿಡಿದ ಕೆಲಸ ಅದೇ. ಮನೆಯಲ್ಲಿ ಅಡುಗೆಯವರಿಲ್ಲದ, ಪೇಟೆಯ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗೋ ಸಾಮಾನಷ್ಟೇ ಇರೋ ಹೆಂಗಸು ಓದಿ ಮಾಡೋಕಾಗಬೇಕು. ಪ್ಯಾರಿಸ್ಸಿನಲ್ಲಿ ಸಿಗೋ ಹಿಟ್ಟೇ ಬೇರೆ, ಅಮೆರಿಕದ ಹಿಟ್ಟೇ ಬೇರೆ, ಕೆನೆಯೂ ಬೇರೆ. ಅಮೆರಿಕದ ಹಿಟ್ಟು ತರಿಸಿಕೊಂಡು ಪ್ರತಿ ಅಡುಗೆಯನ್ನೂ ಮತ್ತೆ ಮತ್ತೆ ಮಾಡಿದಳು. ಮೊಟ್ಟೆಯ ಹಳದಿಗೆ ಎಣ್ಣೆ ಬೆರೆಸಿ ಮಾಡೋ ಮೇಯನೇಸ್ ಚಳಿಗಾಲದಲ್ಲಿ ಯಾಕೋ ಕೂಡಿಕೊಳ್ಳದೆ ಒಡೆಯತೊಡಗಿತು. ಬೇರೆಯವರಾಗಿದ್ದರೆ ಗ್ರಹಚಾರ ಅಂತ ಬಿಡ್ತಿದ್ದರು. ಈಕೆ ಬಟ್ಟಲು ಬಿಸಿ ಮಾಡಿ, ಎಣ್ಣೆ ಬಿಸಿ ಮಾಡಿ, ಹನಿ ಹನಿ ಹಾಕಿ ನೋಡಿ, ಚಳಿಯೇ ಕಾರಣ ಅಂತ ಕಂಡುಹಿಡಿಯೋ ತನಕ ಬಿಡಲಿಲ್ಲ. ಕೊನೆಗೆ ಮಾಡಿದ್ದನ್ನು ತಿನ್ನೋರಿಲ್ಲದೆ ಕಕ್ಕಸಿಗೆ ಸುರಿಯೋ ಹಾಗಾಯ್ತು! ಅಮೆರಿಕದಲ್ಲಿದ್ದ ಏವಿಸ್ ಡಿವೋಟೋ ಅನ್ನೋ ಪತ್ರಸ್ನೇಹಿತೆ ಅಲ್ಲಿನ ಸಾಮಾನು, ಅಲ್ಲಿನ ಒಲೆಯಲ್ಲಿ ಮಾಡಿ ನೋಡಿ ತಪ್ಪುಒಪ್ಪು ಬರೆದು ಕಳಿಸುತ್ತಿದ್ದಳು. ಅವರಿಬ್ಬರ ಸ್ನೇಹ ಶುರುವಾಗಿದ್ದು ಅಡುಗೆಮನೆ ಚಾಕುವಿನ ಬಗ್ಗೆ ಬರೆದ ಕಾಗದದಿಂದ!

ಈ ನಡುವೆ ಗಂಡನಿಗೆ ವರ್ಗದ ಮೇಲೆ ವರ್ಗ. 1953ರಲ್ಲಿ ಮಾರ್ಸೆ, 1954ರಲ್ಲಿ ಜರ್ಮನಿ, 1956ರಲ್ಲಿ ವಾಷಿಂಗ್ಟನ್, 1959ರಲ್ಲಿ ನಾರ್ವೆಯ ಓಸ್ಲೋ. 1955ರಲ್ಲಂತೂ ಪಾಲ್‌ನನ್ನು ಇದ್ದಕ್ಕಿದ್ದಂತೆ ವಾಷಿಂಗ್ಟನ್ನಿಗೆ ಕರೆಸಿ, ನೀನು ಕಮ್ಯುನಿಸ್ಟಾ ಅಂತ ವಿಚಾರಣೆ ಮಾಡಿದರು. ಏನೂ ಸಿಗಲಿಲ್ಲ, ಬಿಟ್ಟರು. ಆದರೆ ಆ ನೋವು ಇಬ್ಬರಲ್ಲೂ ಉಳಿಯಿತು. ಪ್ರತಿ ವರ್ಗದಲ್ಲೂ ಜೂಲಿಯಾ ಪಾತ್ರೆ ಪಡಗ ಕಟ್ಟಿದಳು, ಬಿಚ್ಚಿದಳು. ಹಸ್ತಪ್ರತಿಯೂ ಜೊತೆಗೇ ಊರೂರು ತಿರುಗಿತು.

1958ರಲ್ಲಿ 700ಕ್ಕೂ ಹೆಚ್ಚು ಪುಟಗಳನ್ನು ಬೋಸ್ಟನ್ನಿನ ಹೌಟನ್ ಮಿಫ್ಲಿನ್ ಪ್ರಕಾಶನದ ಮುಂದಿಟ್ಟರು. ಅಷ್ಟು ಬರೆದರೂ ಅಡುಗೆಗಳಲ್ಲಿ ಕಾಲುಭಾಗವೂ ಮುಗಿದಿರಲಿಲ್ಲ ಅಂದರೆ ವಿವರ ಎಷ್ಟಿತ್ತು ಊಹಿಸಿ. ಇದು ವಿಶ್ವಕೋಶ ಆಯ್ತು, ನಮ್ಮ ಗೃಹಿಣಿಯರಿಗೆ ಬೇಗ ಆಗೋದು ಬೇಕು ಅಂದರು ಅವರು. ಪೂರ್ತಿ ತಿದ್ದಿ ಬರೆದರು. 1959ರಲ್ಲಿ ಮತ್ತೆ ಬೇಡ ಅಂದರು. ಜೂಲಿಯಾಗೆ 47. ಏಳೆಂಟು ವರ್ಷದ ಕೆಲಸ ಕಸದ ಬುಟ್ಟಿಗೆ ಹೋಯ್ತು ಅಂದುಕೊಂಡಳು.

ಹಸ್ತಪ್ರತಿಯನ್ನು ಏವಿಸ್ ನ್ಯೂಯಾರ್ಕಿನ ನಾಫ್ ಪ್ರಕಾಶನಕ್ಕೆ ದಾಟಿಸಿದಳು. ಅಲ್ಲಿ ಅದು ಜೂಡಿತ್ ಜೋನ್ಸ್ ಅನ್ನೋ ಯುವ ಸಂಪಾದಕಿಯ ಮೇಜಿಗೆ ಬಂತು. ಹಿಂದೆ ಪ್ಯಾರಿಸ್ಸಿನಲ್ಲಿ, ಬೇಡ ಅಂತ ಪಕ್ಕಕ್ಕಿಟ್ಟಿದ್ದ ರಾಶಿಯಿಂದ ಆನ್ ಫ್ರಾಂಕ್ ಡೈರಿಯನ್ನು ಎತ್ತಿ ಹಿಡಿದವಳು ಈಕೆಯೇ. ಜೂಡಿತ್ ಓದಿ ಸುಮ್ಮನಾಗಲಿಲ್ಲ, ಮನೆಗೆ ಒಯ್ದು ಅದರಲ್ಲಿದ್ದ ಹಾಗೇ ಬೆಫ್ ಬೂರ್ಗಿನ್ಯೋನ್ ಮಾಡಿದಳು. ಅದು ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸೋ ದನದ ಮಾಂಸದ ಅಡುಗೆ. ಪ್ಯಾರಿಸ್ಸಿನಲ್ಲಿ ತಿಂದ ರುಚಿ ನ್ಯೂಯಾರ್ಕಿನ ಒಲೆಯ ಮೇಲೆ ಬಂತು. 1961ರ ಅಕ್ಟೋಬರಿನಲ್ಲಿ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ ಹೊರಬಂತು.

ಅಡುಗೆ ಪುಸ್ತಕ ಅಂದರೆ ಬೇಕಾಗುವ ಸಾಮಾನು ಇಷ್ಟು, ಹದವಾಗಿ ಬೇಯಿಸಿ ಇಳಿಸಿ... ಅಂತ ಬರೆದು ಕೈತೊಳೆದುಕೊಳ್ಳೋದನ್ನು ನೀವೂ ನೋಡಿದ್ದೀರಿ. ಹದ ಅಂದರೆ ಯಾವ ಹದ ಅನ್ನೋದೇ ಅಲ್ವಾ ನಮ್ಮ ಗೋಳು! ಈ ಪುಸ್ತಕದಲ್ಲಿ ಪ್ರತಿ ಹೆಜ್ಜೆಯ ಪಕ್ಕದಲ್ಲೇ ಆ ಹೆಜ್ಜೆಗೆ ಬೇಕಾದ ಸಾಮಾನು, ಪಾತ್ರೆ. ಹದ ಬಂದಾಗ ಕಣ್ಣಿಗೆ ಹೇಗೆ ಕಾಣುತ್ತೆ, ಕೆಟ್ಟರೆ ಹೇಗೆ ಸರಿಪಡಿಸಬಹುದು, ಎಲ್ಲಿಯತನಕ ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದು, ಎಲ್ಲವೂ ಇತ್ತು. ಒಂದು ಉದಾಹರಣೆ ಕೊಡ್ತೀನಿ, ನಿಮ್ಮ ಮನೆಯಲ್ಲಿ ಇವತ್ತೇ ಮಾಡಿ ನೋಡಿ. ಅಣಬೆ ಹುರಿಯುವಾಗ ನೀರು ಬಿಟ್ಟುಕೊಂಡು ಬೆಂದ ಹಾಗೆ ಆಗುತ್ತಲ್ಲ? ಮೊದಲು ಬಟ್ಟೆಯಲ್ಲಿ ಒತ್ತಿ ಚೆನ್ನಾಗಿ ಒರೆಸಿ. ಬಾಣಲೆ, ಕೊಬ್ಬು ಎರಡೂ ಚೆನ್ನಾಗಿ ಕಾಯಲಿ. ಒಟ್ಟಿಗೇ ಎಲ್ಲ ಸುರಿಯಬೇಡಿ, ಒಂದಕ್ಕೊಂದು ಒತ್ತಿಕೊಳ್ಳದ ಹಾಗೆ ಸ್ವಲ್ಪ ಸ್ವಲ್ಪ ಹಾಕಿ. ಜಾಗ ಇಲ್ಲದಿದ್ದರೆ ಬಿಟ್ಟ ಆವಿ ಹೊರಗೆ ಹೋಗದೆ ಅಲ್ಲೇ ನೀರಾಗುತ್ತೆ, ಬಣ್ಣ ಬರಲ್ಲ. ಮಾಂಸಕ್ಕೂ ಇದೇ ಮಾತು, ಒದ್ದೆಯಾಗಿದ್ದರೆ ಕೆಂಪಗಾಗಲ್ಲ. ಹೀಗೆ ಮಾಡಿ ಅಂತ ಮಾತ್ರವಲ್ಲ, ಯಾಕೆ ಅಂತಲೂ ತಿಳಿದರೆ ಕೈ ನಡುಗೋದು ತಾನಾಗೇ ನಿಲ್ಲುತ್ತೆ.

ಒಲೆ ಕಟ್ಟೆ ಮೇಲೆ ಬಿದ್ದ ಆಲೂಗಡ್ಡೆ

ಪುಸ್ತಕ ಬರೋ ಹೊತ್ತಿಗೆ ಪಾಲ್ ನಿವೃತ್ತನಾಗಿದ್ದ. ಇಬ್ಬರೂ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನಲ್ಲಿ ಮನೆ ಮಾಡಿದರು. 1962ರಲ್ಲಿ ಬೋಸ್ಟನ್ನಿನ ಡಬ್ಲ್ಯೂಜಿಬಿಎಚ್ ಟಿ.ವಿ.ಯ ಪುಸ್ತಕ ಪರಿಚಯ ಕಾರ್ಯಕ್ರಮಕ್ಕೆ ಕರೆ ಬಂತು. ಗಂಭೀರವಾಗಿ ಕೂತು ಮಾತಾಡೋ ಕಾರ್ಯಕ್ರಮ ಅದು. ಜೂಲಿಯಾ ಹೋಗಿದ್ದು ಕರೆಂಟು ಒಲೆ, ಬಾಣಲೆ, ಮೊಟ್ಟೆ ಹಿಡಿದುಕೊಂಡು! ಮಾತಿನ ನಡುವೆ ಆಮ್ಲೆಟ್ ಮಾಡಿ ತೋರಿಸಿದಳು. ಆ ಎತ್ತರದ ಹೆಂಗಸು ಮತ್ತೆ ಬರಲಿ ಅಂತ ಟಿ.ವಿ. ಕಚೇರಿಗೆ ಕಾಗದಗಳು ಬಂದವು.

1963ರ ಫೆಬ್ರವರಿ 11ರಂದು ‘ದಿ ಫ್ರೆಂಚ್ ಶೆಫ್’ ಶುರುವಾಯ್ತು. ಟಿ.ವಿ. ಕೇಂದ್ರದ ಸ್ಟುಡಿಯೊ ಬೆಂಕಿಗೆ ಆಹುತಿಯಾಗಿತ್ತು, ಹಾಗಾಗಿ ವಿದ್ಯುತ್ ಕಂಪನಿಯೊಂದರ ಪ್ರದರ್ಶನದ ಅಡುಗೆಮನೆಯಲ್ಲಿ ಚಿತ್ರೀಕರಣ. ಸಂಭಾವನೆ ಒಂದು ಕಂತಿಗೆ ಸುಮಾರು 50 ಡಾಲರ್. ಪಾತ್ರೆ ಹೊರೋದು, ತೊಳೆಯೋದು ಯಾರು ಅಂತೀರಿ? ಗಂಡ ಪಾಲ್! ಸರ್ಕಾರಿ ಹುದ್ದೆಯಲ್ಲಿದ್ದವನು ಹೆಂಡತಿಯ ಎಂಜಲು ಬಟ್ಟಲು ತೊಳೆದ ಅನ್ನೋದು ಆ ಕಾಲಕ್ಕೆ ಸಣ್ಣ ಮಾತಲ್ಲ. (ಈ ಕಾಲಕ್ಕೂ ಅಲ್ಲ ಅಂತೀರಾ? ಪತ್ರಿಕೆಯ ಈ ಪುಟವನ್ನು ಮನೆಯವರ ಕಾಫಿ ಲೋಟದ ಕೆಳಗೆ ಇಟ್ಟುಬಿಡಿ.)

ಕ್ಯಾಮೆರಾ ಹೆಚ್ಚುಕಡಿಮೆ ನಿಲ್ಲದೆ ಓಡ್ತಿತ್ತು. ಕತ್ತರಿಸಿ ಜೋಡಿಸೋಕೆ ದುಡ್ಡಿರಲಿಲ್ಲ, ಹಾಗಾಗಿ ಆದ ತಪ್ಪೂ ಪ್ರಸಾರ ಆಗ್ತಿತ್ತು. ಒಂದು ಕಂತಿನಲ್ಲಿ ಆಲೂಗಡ್ಡೆಯ ದಪ್ಪ ದೋಸೆಯಂಥದ್ದನ್ನು ಬಾಣಲೆಯಲ್ಲೇ ಹಾರಿಸಿ ಮಗುಚೋಕೆ ಹೋದಳು. ಅರ್ಧ ಒಲೆ ಕಟ್ಟೆ ಮೇಲೆ ಬಿತ್ತು. ಜೂಲಿಯಾ ಗಾಬರಿಯಾಗಲಿಲ್ಲ, ಕ್ಷಮೆ ಕೇಳಲಿಲ್ಲ. ಧೈರ್ಯವಾಗಿ ಎಸೆಯದೆ ಅನುಮಾನಿಸಿದ್ದೇ ತಪ್ಪಾಯ್ತು ಅಂದಳು, ಬಿದ್ದದ್ದನ್ನು ಬಳಿದು ಬಾಣಲೆಗೆ ಹಾಕಿದಳು, ಅಡುಗೆಮನೆಯಲ್ಲಿ ನೀವು ಒಬ್ಬರೇ ಇರುವಾಗ ಇದನ್ನೆಲ್ಲ ನೋಡೋರು ಯಾರು ಅಂತ ನಕ್ಕಳು. ಕಾಲ ಕಳೆದಂತೆ ಜನರ ಬಾಯಲ್ಲಿ ಆ ಆಲೂಗಡ್ಡೆ ಕೋಳಿಯಾಯ್ತು, ಕಟ್ಟೆ ಹೋಗಿ ನೆಲವಾಯ್ತು. ನೆಲಕ್ಕೆ ಬಿದ್ದ ಕೋಳಿಯನ್ನೆತ್ತಿ ಬಡಿಸಿದಳಂತೆ ಅನ್ನೋ ಕಥೆ ಇವತ್ತಿಗೂ ಓಡಾಡುತ್ತೆ. ಅದು ಸುಳ್ಳು.

ಅಡುಗೆ ಕೆಟ್ಟಾಗ ನಂಟರ ಎದುರು ಗೋಳಾಡಬೇಡಿ ಅಂತ ಆಕೆ ಹೇಳ್ತಿದ್ದಳು. ಇದು ನನಗೆ ತುಂಬಾ ಇಷ್ಟವಾದ ಪಾಠ. ನಾವು ಬಡಿಸುವಾಗಲೇ ಶುರು ಮಾಡ್ತೀವಲ್ಲ, ಇವತ್ತು ಪಲ್ಯ ಸ್ವಲ್ಪ ಸಪ್ಪೆ, ಪಾಯಸ ಗಟ್ಟಿಯಾಯ್ತು ಅಂತ... ಹೇಳದಿದ್ದರೆ ಉಣ್ಣೋರಿಗೆ ಗೊತ್ತೂ ಆಗ್ತಿರಲಿಲ್ಲ!

ಕಾರ್ಯಕ್ರಮ ದೇಶದುದ್ದಕ್ಕೂ ಹರಡಿತು. 1966ರಲ್ಲಿ ಎಮ್ಮಿ ಪ್ರಶಸ್ತಿ ಬಂತು, ನವೆಂಬರಿನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಆಕೆಯ ಚಿತ್ರ. ಆಕೆ ತೋರಿಸಿದ ಬಾಣಲೆ, ಮೊಟ್ಟೆ ಕಡೆಯೋ ತಂತಿ ಕಡೆಗೋಲು ಅಂಗಡಿಗಳಲ್ಲಿ ಖಾಲಿಯಾಗ್ತಿದ್ದವು. 1973ರ ವರೆಗೆ ಹೆಚ್ಚುಕಡಿಮೆ 200 ಕಂತು. ಕಂಪನಿಗಳು ಜಾಹೀರಾತಿಗೆ ಎಷ್ಟು ಕೇಳಿಕೊಂಡರೂ ಯಾವ ಸಾಮಾನಿಗೂ ತನ್ನ ಹೆಸರು ಕೊಡಲಿಲ್ಲ. 1970ರಲ್ಲಿ ಪುಸ್ತಕದ ಎರಡನೇ ಸಂಪುಟ ಬಂತು. ಅದರಲ್ಲಿ ಫ್ರಾನ್ಸಿನ ಉದ್ದನೆ ಬ್ರೆಡ್ಡನ್ನು ಅಮೆರಿಕದ ಮನೆ ಓವನ್ನಿನಲ್ಲಿ ಮಾಡೋ ವಿಧಾನಕ್ಕೆ ಅಂತಲೇ ಪ್ರಯೋಗಕ್ಕೆ ಸುರಿದ ಹಿಟ್ಟು 284 ಪೌಂಡು. ನಮ್ಮ ಲೆಕ್ಕದಲ್ಲಿ ಸುಮಾರು 129 ಕೆ.ಜಿ.!

ಒಂದು ತಮಾಷೆ ನೋಡಿ. ಆಕೆಯ ಕಾರ್ಯಕ್ರಮ ಶುರುವಾದ ಎಂಟೇ ದಿನಕ್ಕೆ, ಅಂದರೆ 1963ರ ಫೆಬ್ರವರಿ 19ಕ್ಕೆ, ಬೆಟ್ಟಿ ಫ್ರೀಡನ್ ಬರೆದ ‘ದಿ ಫೆಮಿನೈನ್ ಮಿಸ್ಟಿಕ್’ ಪುಸ್ತಕ ಬಂತು. ಮನೆಗೆಲಸವೇ ಹೆಣ್ಣಿನ ಬಾಳು ಅನ್ನೋ ನಂಬಿಕೆಯಲ್ಲಿ ಅಮೆರಿಕದ ಗೃಹಿಣಿ ಉಸಿರುಗಟ್ಟಿದ್ದಾಳೆ ಅಂತ ಅದು ಹೇಳಿತು. ಒಬ್ಬಳು ಅಡುಗೆಮನೆಯಿಂದ ಹೊರಗೆ ಬನ್ನಿ ಅಂತಿದ್ದಾಳೆ, ಇನ್ನೊಬ್ಬಳು ಒಳಗೆ ಬನ್ನಿ ಅಂತಿದ್ದಾಳೆ! ಯಾರು ಸರಿ? ನನ್ನನ್ನು ಕೇಳಿದರೆ ಇಬ್ಬರ ಸಿಟ್ಟೂ ಒಂದೇ ಕಡೆಗಿತ್ತು. ಹೆಂಗಸಿನ ಕೆಲಸಕ್ಕೆ ಬುದ್ಧಿ ಬೇಕಾಗಿಲ್ಲ, ಡಬ್ಬ ಕತ್ತರಿಸೋ ಕೈಯಿದ್ದರೆ ಸಾಕು ಅನ್ನೋ ಮಾತಿನ ಮೇಲೆ. ಜೂಲಿಯಾ ಅಡುಗೆಯನ್ನು ಗಂಡನ ಸೇವೆ ಅಂತ ಕಲಿಸಲಿಲ್ಲ, ಅಭ್ಯಾಸದಿಂದ ಬರೋ ವಿದ್ಯೆ ಅಂತ ಕಲಿಸಿದಳು. ಗಂಡಸರೂ ನೋಡ್ತಿದ್ದರು, ಕಲೀತಿದ್ದರು.

ಹಾಗಂತ ಆಕೆಯನ್ನು ಅಟ್ಟಕ್ಕೇರಿಸೋದೂ ಬೇಡ. ಪ್ಯಾರಿಸ್ಸಿನಲ್ಲಿ ಮನೆಗೆಲಸಕ್ಕೆ ಹೆಂಗಸು ಬರುತ್ತಿದ್ದಳು. ಮಕ್ಕಳ ಟಿಫಿನ್ ಬಾಕ್ಸ್ ಇಲ್ಲ, ಸ್ಕೂಲ್ ವ್ಯಾನಿನ ಗಡಿಬಿಡಿ ಇಲ್ಲ, ಅತ್ತೆ ಮಾವನ ಪಥ್ಯವೂ ಇಲ್ಲ. ಒಂದು ಸಾಸಿಗೆ ಅರ್ಧ ದಿನ ಕೊಡೋ ಸೌಕರ್ಯ ಎಲ್ಲರಿಗೂ ಎಲ್ಲಿಂದ ಬರಬೇಕು? ಆಕೆಯ ಪುಸ್ತಕ ಕೊಂಡು ಕಪಾಟಿನಲ್ಲಿ ಚೆಂದಕ್ಕೆ ಇಟ್ಟುಕೊಂಡವರೂ ಇದ್ದರು. ಮುಂದೆ ಕೊಲೆಸ್ಟರಾಲ್ ಭಯದ ಕಾಲ ಬಂದಾಗ, ಇಷ್ಟು ಬೆಣ್ಣೆ, ಇಷ್ಟು ಕೆನೆ ಹಾಕಿಸಿ ಜನರ ಹೃದಯ ಕೆಡಿಸಿದಳು ಅಂತ ಬೈದವರೂ ಉಂಟು. ಎಲ್ಲ ತಿನ್ನಿ, ಸ್ವಲ್ಪ ತಿನ್ನಿ, ಊಟಕ್ಕೆ ಹೆದರಬೇಡಿ ಅನ್ನೋ ತನ್ನ ಮಾತನ್ನು ಆಕೆ ಬಿಡಲಿಲ್ಲ. ಈ ವಿಷಯದಲ್ಲಿ ನೀವು ನಿಮ್ಮ ಡಾಕ್ಟರ ಮಾತೇ ಕೇಳಿ.

ಆಕೆ ಬಾಗಿಲು ತೆರೆದಿದ್ದು ಫ್ರೆಂಚ್ ಅಡುಗೆಗೊಂದೇ ಅಲ್ಲ. ಬೇರೆ ದೇಶದ ಅಡುಗೆಯನ್ನು ಮೊಟಕು ಮಾಡದೆ, ಪೂರ್ತಿ ವಿವರವಾಗಿ ಬರೆದರೂ ಅಮೆರಿಕದ ಹೆಂಗಸರು ಮಾಡ್ತಾರೆ ಅಂತ ಪ್ರಕಾಶಕರಿಗೆ ಧೈರ್ಯ ಬಂತು. 1973ರಲ್ಲಿ ನಮ್ಮ ದೆಹಲಿಯ ಮಧುರ್ ಜಾಫ್ರಿ ಬರೆದ ಭಾರತೀಯ ಅಡುಗೆಯ ಮೊದಲ ಪುಸ್ತಕವನ್ನು ಅದೇ ನಾಫ್ ಪ್ರಕಾಶನ ಹೊರತಂದಿತು. ಸಂಪಾದಕಿ ಅದೇ ಜೂಡಿತ್ ಜೋನ್ಸ್.

38 ಇಂಚಿನ ಕಟ್ಟೆ

1968ರಲ್ಲಿ ಜೂಲಿಯಾಗೆ ಸ್ತನ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆ ನಡೆಯಿತು. ಹೆಂಗಸರು ಆ ಕಾಯಿಲೆಯ ಹೆಸರು ಹೇಳೋಕೂ ಅಂಜುತ್ತಿದ್ದ ಕಾಲ. ಆಕೆ ಮುಂದೆ ಅದರ ಬಗ್ಗೆ ಎಲ್ಲರೆದುರು ಮಾತಾಡಿದಳು. (ಇಷ್ಟು ಓದಿದ ಮೇಲೆ ಒಂದು ಕೆಲಸ ಮಾಡಿ. ಎದೆಯಲ್ಲಿ ಗಂಟಿನಂಥದ್ದು ಏನೇ ಕೈಗೆ ಸಿಕ್ಕರೂ ನಾಚಿಕೆ ಅಂತ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ.) 1974ರಲ್ಲಿ ಪಾಲ್‌ಗೆ ಹೃದಯದ ಶಸ್ತ್ರಚಿಕಿತ್ಸೆಯಾಯ್ತು. ಆಮೇಲೆ ಆತನ ಮಾತು, ನೆನಪು ಮೊದಲಿನಂತಾಗಲಿಲ್ಲ. ಆದರೂ ಹೋದಲ್ಲೆಲ್ಲ ಕರೆದುಕೊಂಡು ಹೋಗ್ತಿದ್ದಳು, ಚಿತ್ರೀಕರಣದ ಜಾಗದಲ್ಲಿ ಕಣ್ಣಿಗೆ ಕಾಣೋ ಹಾಗೆ ಕೂರಿಸಿಕೊಳ್ಳುತ್ತಿದ್ದಳು. 1994ರಲ್ಲಿ ಆತ ಹೋದ. ಆಗ ಆಕೆಗೆ 81. ಟಿ.ವಿ. ಕೆಲಸ ನಿಲ್ಲಿಸಲಿಲ್ಲ. ಯುವ ಬಾಣಸಿಗರನ್ನು ತನ್ನ ಮನೆಯ ಅಡುಗೆಮನೆಗೇ ಕರೆಸಿ, ಅವರು ಮಾಡಿದ್ದನ್ನು ಪಕ್ಕದಲ್ಲಿ ನಿಂತು ಕಲಿತಳು.

ಫ್ರಾನ್ಸ್ ಸರ್ಕಾರ 2000ದಲ್ಲಿ ತನ್ನ ದೊಡ್ಡ ಗೌರವ ಲೀಜಿಯನ್ ಆಫ್ ಆನರ್ ಕೊಟ್ಟಿತು. 2004ರ ಆಗಸ್ಟ್ 13ರಂದು, 92 ತುಂಬೋಕೆ ಎರಡೇ ದಿನ ಇರುವಾಗ, ಕ್ಯಾಲಿಫೋರ್ನಿಯಾದಲ್ಲಿ ಜೂಲಿಯಾ ತೀರಿಕೊಂಡಳು.

2001ರಲ್ಲಿ ಕೇಂಬ್ರಿಡ್ಜ್ ಮನೆ ಬಿಡುವಾಗ ಆಕೆ ತನ್ನ ಅಡುಗೆಮನೆಯನ್ನು ಹಾಗೆ ಹಾಗೇ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದಳು. ಒಲೆ, ಚಾಕು, ಚಮಚ, ಮೇಜು, ಎಲ್ಲ. ಅಮೆರಿಕದ ಅಡುಗೆಮನೆ ಕಟ್ಟೆ ಸಾಮಾನ್ಯವಾಗಿ 36 ಇಂಚು ಎತ್ತರ ಇರುತ್ತೆ. ಎತ್ತರದ ಹೆಂಡತಿ ದಿನವಿಡೀ ಬಗ್ಗಿ ನಿಂತು ಬೆನ್ನು ನೋಯಿಸಿಕೊಳ್ಳಬಾರದು ಅಂತ ಪಾಲ್ ಇಲ್ಲಿ 38 ಇಂಚಿಗೆ ಏರಿಸಿದ್ದ. (ನಿಮ್ಮ ಕಟ್ಟೆ ನಿಮ್ಮ ಎತ್ತರಕ್ಕಿದೆಯಾ, ಕಟ್ಟಿಸುವಾಗ ನಿಮ್ಮನ್ನು ಯಾರಾದರೂ ಕೇಳಿದ್ದರಾ?) ಗೋಡೆಯ ಹಲಗೆಯ ಮೇಲೆ ಒಂದೊಂದು ಪಾತ್ರೆ ನೇತುಹಾಕೋ ಜಾಗದಲ್ಲೂ ಅದರ ಆಕಾರವನ್ನು ಗೆರೆ ಎಳೆದು ಬಿಡಿಸಿದ್ದ. ತೊಳೆದವರು ಯಾರೇ ಆದರೂ ಅದು ತನ್ನ ಜಾಗಕ್ಕೇ ಮರಳಲಿ ಅಂತ. ಮೊದಲ ಕೆಲವು ವರ್ಷ ತಾಮ್ರದ ಪಾತ್ರೆಗಳು ಮಾತ್ರ ಕ್ಯಾಲಿಫೋರ್ನಿಯಾದ ಬೇರೊಂದು ಸಂಗ್ರಹಾಲಯದಲ್ಲಿದ್ದವು. ಅದು ಮುಚ್ಚಿದ ಮೇಲೆ, 2009ರಲ್ಲಿ, ಅವೂ ಬಂದು ಉಳಿದ ಪಾತ್ರೆಗಳ ಜೊತೆ ಸೇರಿಕೊಂಡವು.